"ನೀರು ಯಾವಾಗ ಬಿಡ್ತೀರಾ?" – ಪಂಚಾಯಿತಿ ಆಪರೇಟರ್ ಒಬ್ಬನ ಅನುಭವ

ತುಮಕೂರು ಕಡೆಯ ಒಂದು ಗ್ರಾಮ ಪಂಚಾಯಿತಿಯಲ್ಲಿ ನಾನು ಕ್ಲರ್ಕ್ ಕಂ ಡಾಟಾ ಎಂಟ್ರಿ ಆಪರೇಟರ್. ನಾಲ್ಕು ಹಳ್ಳಿ, ಸಾವಿರದ ಇನ್ನೂರು ಚಿಲ್ಲರೆ ಮನೆ. ಎರಡು ವರ್ಷದ ಹಿಂದೆ ಬೇಸಿಗೆಯಲ್ಲಿ ದಿನಕ್ಕೆ ಮೂವತ್ತು ನಲವತ್ತು ಫೋನ್ ಬರುತ್ತಿದ್ದವು. ಮುಕ್ಕಾಲು ಪಾಲು ಒಂದೇ ಪ್ರಶ್ನೆ, ನೀರು ಯಾವಾಗ ಬಿಡ್ತೀರಾ ಅಂತ. ಈಗ ನಾಲ್ಕೈದು ಬಂದರೆ ಜಾಸ್ತಿ. ತಾಲ್ಲೂಕು ಮೀಟಿಂಗಿನಲ್ಲಿ ಇದನ್ನು ಹೇಳಿದಾಗ ನಕ್ಕವರೇ ಈಗ "ಏನ್ ಮಾಡಿದೆ ಹೇಳಪ್ಪ" ಅಂತ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೆ ಹೇಳಿ ಸಾಕಾಗಿದೆ, ಬರೆದೇ ಇಡುತ್ತೇನೆ.

ಮೊದಲು ಸೋತಿದ್ದು. 2018ರಲ್ಲಿ ಫೇಸ್‌ಬುಕ್ ಪೇಜ್ ಮಾಡಿದೆ. ಮುನ್ನೂರು ಲೈಕ್ ಬಂತು. ನೋಡಿದರೆ ಎಲ್ಲ ಬೆಂಗಳೂರಿನಲ್ಲಿ ಕೆಲಸಕ್ಕಿರುವ ನಮ್ಮೂರ ಹುಡುಗರು. ಚರಂಡಿ ಫೋಟೋ ಹಾಕಿದರೂ "ಸೂಪರ್ ಅಣ್ಣ" ಅನ್ನುತ್ತಿದ್ದರು. ನಲ್ಲಿ ಮುಂದೆ ಕೊಡ ಇಟ್ಟುಕೊಂಡು ಕಾಯುವ ಹೆಂಗಸರಲ್ಲಿ ಒಬ್ಬರೂ ಅಲ್ಲಿರಲಿಲ್ಲ.

ಆಮೇಲೆ ಪುಕ್ಕಟೆ ವೆಬ್‌ಸೈಟ್. ನಡಾವಳಿ, ಟೆಂಡರ್ ನೋಟಿಸ್ ಎಲ್ಲ ಹಾಕೋಣ ಅಂತ ಹೊರಟೆ. ನಮ್ಮ ಫೈಲೆಲ್ಲ ಹಳೆಯ ನುಡಿ ಫಾಂಟ್, ಪೇಸ್ಟ್ ಮಾಡಿದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆ ಬರುತ್ತೆ. ಎಲ್ಲ ಕಡೆ ಓದಲು ಬರುವ ಯುನಿಕೋಡ್‌ಗೆ ಬದಲಾಯಿಸಿದೆ. ಅರ್ಕಾವತ್ತು ಎಲ್ಲೆಲ್ಲೋ ಹೋಗಿ ಕೂತಿತು. ಮೂರು ರಾತ್ರಿ ಕೂತು ತಿದ್ದಿದೆ. ತಿಂಗಳಾದ ಮೇಲೆ ಕೌಂಟರ್ ನೋಡಿದರೆ ಹತ್ತೊಂಬತ್ತು ಜನ ಬಂದಿದ್ದರು. ಅದರಲ್ಲಿ ಹತ್ತು ಸಲ ನಾನೇ.

ದುಡ್ಡು ಕಳೆದಿದ್ದು ಆ್ಯಪ್‌ನಲ್ಲಿ. ಒಂದು ಕಂಪನಿಯವರು ಬಂದು 18 ಸಾವಿರಕ್ಕೆ ಪಂಚಾಯಿತಿ ಹೆಸರಲ್ಲೇ ಆ್ಯಪ್ ಮಾಡಿಕೊಡುತ್ತೇವೆ ಅಂದರು. ಸದಸ್ಯರನ್ನು ಒಪ್ಪಿಸಿದ್ದು ನಾನೇ. ಅರವತ್ತು ಚಿಲ್ಲರೆ ಡೌನ್‌ಲೋಡ್ ಆಯಿತು. ಮರುವರ್ಷ ರಿನೀವಲ್‌ಗೆ ಏಳು ಸಾವಿರ ಕೇಳಿದರು, ಕೊಡಲಿಲ್ಲ, ಆ್ಯಪ್ ಮಾಯ. ಆಡಿಟ್‌ನಲ್ಲಿ ಆಕ್ಷೇಪಣೆ ಬಿತ್ತು, ಉತ್ತರ ಬರೆದವನೂ ನಾನೇ. ಅಲ್ಲಿಂದ ಮುಂದೆ ನಾನು ಮೊಬೈಲ್ ಕೈಗೆತ್ತಿಕೊಂಡರೆ ಸದಸ್ಯರು "ಎಷ್ಟು ಸಾವಿರದ ಐಡಿಯಾ?" ಅನ್ನುತ್ತಿದ್ದರು.

ಎಸ್ಸೆಮ್ಮೆಸ್ ಕೂಡ ನೋಡಿದೆ. ಇಂಗ್ಲಿಷ್ ಮೆಸೇಜಿಗೆ 160 ಅಕ್ಷರ ಸಿಕ್ಕರೆ ಕನ್ನಡಕ್ಕೆ 70 ಅಷ್ಟೇ. ಅದರಲ್ಲೂ ಗುಣಿತ, ಒತ್ತು ಎಲ್ಲ ಬೇರೆ ಬೇರೆ ಎಣಿಕೆ. "ಗ್ರಾಮ ಪಂಚಾಯಿತಿ" ಅಂತ ಬರೆಯುವಷ್ಟರಲ್ಲಿ 14 ಹೋಯಿತು. ಜೊತೆಗೆ ಹೆಡರ್ ಅಂದರೆ ಕಳಿಸುವವರ ಹೆಸರಿನ ನೋಂದಣಿ, ಪ್ರತಿ ಟೆಂಪ್ಲೇಟಿಗೂ, ಅಂದರೆ ಮೆಸೇಜಿನ ಮಾದರಿಗೂ, ಮೊದಲೇ ಮಂಜೂರಾತಿ. ಮೋಟಾರ್ ಸುಡುವುದು ಟೆಂಪ್ಲೇಟ್ ನೋಡಿಕೊಂಡಾ? ಕೈಬಿಟ್ಟೆ.

ವಾಟ್ಸಾಪ್‌ನಲ್ಲಿ ಇಡೀ ಪಂಚಾಯಿತಿಗೆ ಒಂದು ಗ್ರೂಪ್ ಮಾಡಿದ್ದು ಇನ್ನೊಂದು ಕಥೆ. ಗುಡ್ ಮಾರ್ನಿಂಗ್ ಹೂವು, ಪಕ್ಷದ ಜಗಳ, ಕೊನೆಗೆ ಒಂದು ರಾತ್ರಿ ಇಬ್ಬರು ಬಾಯಿಗೆ ಬಂದಂತೆ ಬೈದಾಡಿಕೊಂಡು ಬೆಳಿಗ್ಗೆ ಆಫೀಸಿಗೇ ಬಂದರು. ಅವತ್ತೇ ಅಳಿಸಿದೆ. ಬ್ರಾಡ್‌ಕಾಸ್ಟ್ ಲಿಸ್ಟ್ ಮಾಡಿದರೆ ನಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಹೋಗುತ್ತೆ. ಅಂಥವರು ಎಷ್ಟು ಜನ ಸಿಕ್ಕಾರು?

2023 ಬರದ ವರ್ಷ, ಬೋರ್‌ವೆಲ್‌ಗಳು ಒಂದೊಂದೇ ಕೈಕೊಟ್ಟವು. ಮುಂದಿನ ಬೇಸಿಗೆಯಲ್ಲಿ ಒಂದು ದಿನ ನೀರುಗಂಟಿ, ಅಂದರೆ ಊರಿಗೆ ನೀರು ಬಿಡುವವನು, ನನಗೊಂದು ವಾಯ್ಸ್ ಮೆಸೇಜ್ ಕಳಿಸಿದ. "ಸಾ, ಮೋಟ್ರು ಸುಟ್ಟೋಯ್ತು, ಮೇಲಿನ ಬೀದೀಗೆ ಇವತ್ತು ನೀರಿಲ್ಲ, ನಾಳೆ ಬೆಳಿಗ್ಗೆ ನೋಡ್ತೀನಿ." ಇ-ಸ್ವತ್ತು ಅನ್ನುವ ಆಸ್ತಿ ದಾಖಲೆ ಫೈಲುಗಳ ಮಧ್ಯೆ ಕೂತಿದ್ದೆ, ಟೈಪ್ ಮಾಡಲು ಸೋಮಾರಿತನ, ಹಾಗೇ ಆ ಬೀದಿಯ ಹತ್ತು ಜನಕ್ಕೆ ಫಾರ್ವರ್ಡ್ ಮಾಡಿದೆ. ಅರ್ಧ ಗಂಟೆಯಲ್ಲಿ ನಮ್ಮ ಅತ್ತೆಗೂ ಗೊತ್ತಾಗಿತ್ತು, ಅವರ ಹತ್ತಿರ ಸ್ಮಾರ್ಟ್‌ಫೋನೇ ಇಲ್ಲ. ನಾನು ಆರು ವರ್ಷ ಟೈಪ್ ಮಾಡಿದ ಯಾವ ನೋಟಿಸೂ ಇಷ್ಟು ದೂರ ಹೋಗಿರಲಿಲ್ಲ. ಓದಲು ಬಾರದವರಿಗೂ ಅವನ ದನಿ ಗೊತ್ತು, ನಂಬುತ್ತಾರೆ.

ಅಲ್ಲಿಂದ ಹಿಡಿದೆ. ಎಲ್ಲರೂ ವಾರ್ಡ್‌ವಾರು ಗ್ರೂಪ್ ಮಾಡುತ್ತಾರೆ, ಅದು ತಪ್ಪು. ನೀರು ವಾರ್ಡ್ ನೋಡಿ ಹರಿಯುವುದಿಲ್ಲ, ವಾಲ್ವ್ ನೋಡಿ ಹರಿಯುತ್ತದೆ. ನಮ್ಮದು 14 ವಾಲ್ವ್, ಹಾಗಾಗಿ 14 ಗ್ರೂಪ್, "ಮಾರಮ್ಮನ ಗುಡಿ ವಾಲ್ವ್" ಅಂತ ಜನ ಕರೆಯುವ ಹೆಸರೇ ಗ್ರೂಪಿಗೂ. ಅಡ್ಮಿನ್‌ಗೆ ಮಾತ್ರ ಮಾತು, ಬೇರೆ ಯಾರೂ ಹೂವು ಹಾಕುವಂತಿಲ್ಲ. ಮನೆಗೊಂದು ನಂಬರ್ ಹೇಗೆ ಸಿಕ್ಕಿತು ಅಂದರೆ, ಬೆಳಿಗ್ಗೆ ಹಾಲಿನ ಡೈರಿ ಹತ್ತಿರ ಒಂದು ವಾರ ನಿಂತೆ. ಇನ್ನೊಂದು ದಾರಿಯೂ ಇದೆ, ಅದರಿಂದಲೇ ಅರ್ಧ ನಂಬರ್ ಬಂದವು. ಅದನ್ನು ಬರೆಯುವುದಿಲ್ಲ, ಬರೆದರೆ ಕೆಲಸ ಕೆಡುತ್ತದೆ. ನೀರುಗಂಟಿಯನ್ನು ದಿನಾ ಮಾತಾಡಲು ಹೇಗೆ ಒಪ್ಪಿಸಿದೆ ಅನ್ನುವುದೂ ನಮ್ಮಿಬ್ಬರ ನಡುವೆಯೇ ಇರಲಿ.

ಮೊದಲ ತಿಂಗಳೇ ಒಂದು ಎಡವಟ್ಟಾಯಿತು. ಯಾರೋ ಹಿಂದಿನ ವಾರದ ವಾಯ್ಸ್ ಫಾರ್ವರ್ಡ್ ಮಾಡಿದರು. "ಇವತ್ತು ಸಂಜೆ ಬಿಡ್ತೀನಿ" ಅಂತಿತ್ತು, ಇವತ್ತು ಅಂದರೆ ಯಾವತ್ತು? ಒಂದು ಬೀದಿಯವರೆಲ್ಲ ಕತ್ತಲಾಗುವವರೆಗೂ ಕೊಡ ಹಿಡಿದು ನಿಂತು, ಬೆಳಿಗ್ಗೆ ಅದೇ ಕೊಡಗಳನ್ನು ಆಫೀಸ್ ಮೆಟ್ಟಿಲ ಮೇಲೆ ತಂದಿಟ್ಟರು. ಅವತ್ತಿನಿಂದ ಮೊದಲು ವಾರ, ತಾರೀಕು, ಆಮೇಲೆ ವಾಲ್ವ್, ಆಮೇಲೆ ಮಾತು. "ಮಂಗಳವಾರ, 12ನೇ ತಾರೀಕು, ಮಾರಮ್ಮನ ಗುಡಿ ವಾಲ್ವ್..." ಮೂವತ್ತು ಸೆಕೆಂಡ್ ದಾಟಬಾರದು.

ಖರ್ಚು? ನೀರುಗಂಟಿಗೆ ಸೆಕೆಂಡ್‌ಹ್ಯಾಂಡ್ ಫೋನ್ ಆರು ಸಾವಿರದ ಹತ್ತಿರ, ರೀಚಾರ್ಜ್ ಎಲ್ಲ ಸೇರಿ ಮೊದಲ ವರ್ಷ ಹತ್ತು ಹನ್ನೊಂದು ಸಾವಿರ ಇರಬಹುದು. ಅದರಲ್ಲಿ ಎರಡು ಸಾವಿರ ನನ್ನ ಜೇಬಿನದು, ಇನ್ನೂ ವಾಪಸ್ ಬಂದಿಲ್ಲ.

ನಡುವೆ ಸುಮ್ನೆ ಕೆಲವು ಮಾಡಿ ನೋಡಿದೆ. ಯಾವ ದೀಪ ಕೆಟ್ಟಿದೆ ಅಂತ ಜನ ತಿಳಿಸಲಿ ಅಂತ ಬೀದಿದೀಪದ ಕಂಬಗಳಿಗೆ ಕ್ಯೂಆರ್ ಸ್ಟಿಕ್ಕರ್ ಅಂಟಿಸಿದೆ, ಮೂರು ತಿಂಗಳಲ್ಲಿ ಬಿಸಿಲಿಗೆ ಬೆಳ್ಳಗಾದವು. ಆಮೇಲೆ ಹಳೇ ಎಕ್ಸ್‌ರೇ ಹಾಳೆಯಲ್ಲಿ ಅಂಕಿ ಕತ್ತರಿಸಿ, ಅದನ್ನು ಕಂಬಕ್ಕೆ ಒತ್ತಿ ಹಿಡಿದು ಕಪ್ಪು ಪೇಂಟ್ ಬಳಿದೆವು. ಒಂದು ಡಬ್ಬ ಪೇಂಟಿನಲ್ಲಿ ಇನ್ನೂರು ಕಂಬ ಮುಗಿಯಿತು. ಈಗ "47 ಕೆಟ್ಟಿದೆ" ಅಂತ ಎರಡು ಪದ ಬರುತ್ತೆ, ಗೂಗಲ್ ಶೀಟ್‌ಗೆ ಹಾಕುತ್ತೇನೆ, ಲೈನ್‌ಮನ್ ಮೊಬೈಲಲ್ಲೇ ನೋಡಿಕೊಳ್ಳುತ್ತಾನೆ.

ಗ್ರಾಮಸಭೆಯನ್ನು ಯೂಟ್ಯೂಬ್ ಲೈವ್ ಮಾಡುತ್ತೇನೆ ಅಂತ ಡಂಗುರ ಹೊಡೆಸಿದ್ದೆ. ಲೈವ್ ಆನ್ ಮಾಡಲು ಕೇಳಿಕೊಂಡ ಮೇಲೆ 24 ಗಂಟೆವರೆಗೆ ಕಾಯಬೇಕು ಅಂತ ಗೊತ್ತಾಗಿದ್ದು ಸಭೆ ಶುರುವಾದ ಮೇಲೆ. ತಪ್ಪು ನಂದೇ. ಮುಂದಿನ ಸಭೆಗೆ ಆಯಿತು, ಹನ್ನೊಂದು ಜನ ನೋಡಿದರು, ನಾಲ್ವರು ಅದೇ ಹಾಲ್‌ನಲ್ಲಿ ಕೂತಿದ್ದರು. ಅವರ ಫೋನಿನ ಸದ್ದು ಮೈಕಿಗೆ ಬಡಿದು ಅಧ್ಯಕ್ಷರ ಭಾಷಣ ಎರಡೆರಡು ಸಲ ಕೇಳಿಸಿತು.

ಖರ್ಚಿನ ಪಟ್ಟಿಯನ್ನು ತಿಂಗಳಿಗೊಮ್ಮೆ ಗ್ರೂಪಿಗೆ ಹಾಕಲು ಶುರು ಮಾಡಿದಾಗ ಒಬ್ಬ ಸದಸ್ಯರು ತಿಂಗಳು ಮಾತು ಬಿಟ್ಟರು. ಆದರೆ ಮೋಟಾರ್ ರೀವೈಂಡಿಂಗ್‌ಗೆ ಒಂಬತ್ತೂವರೆ ಸಾವಿರ ಅಂತ ಇದ್ದಿದ್ದನ್ನು ನೋಡಿ ಯಾರೋ ಆಫೀಸಿಗೆ ಬಂದು, "ನಮ್ಮ ಭಾವಮೈದ ಆರು ಸಾವಿರಕ್ಕೆ ಮಾಡ್ತಾನೆ" ಅಂದರು. ಮುಂದಿನ ಮೂರು ಮೋಟಾರ್ ಅಲ್ಲೇ ಆದವು. ನೋಡಿ, 18 ಸಾವಿರದ ಆ್ಯಪ್‌ನ ಅರ್ಧಕ್ಕಿಂತ ಜಾಸ್ತಿ ಅಲ್ಲೇ ವಾಪಸ್ ಬಂತು, ಅಲ್ವಾ? ತೆರಿಗೆ ವಸೂಲಿಯೂ ನಲವತ್ತು ಪರ್ಸೆಂಟಿನಿಂದ ಅರವತ್ತರ ಮೇಲೆ ಹೋಗಿದೆ, ರಿಜಿಸ್ಟರ್ ನೋಡದೆ ಹೇಳುತ್ತಿದ್ದೇನೆ. ಬಿಲ್ ಕಲೆಕ್ಟರ್ ಅದು ತನ್ನಿಂದ ಅನ್ನುತ್ತಾನೆ. ಅನ್ನಲಿ.

ಹೋದ ತಿಂಗಳು ನೀರುಗಂಟಿ ಮಗಳ ಮದುವೆಗೆ ನಾಲ್ಕು ದಿನ ರಜೆ ಹಾಕಿದ. ನಾನೇ ವಾಯ್ಸ್ ಕಳಿಸಿದೆ, ವಾರ, ತಾರೀಕು, ವಾಲ್ವ್ ಎಲ್ಲ ಸರಿಯಾಗಿ ಹೇಳಿ. ಹತ್ತು ನಿಮಿಷಕ್ಕೆ ಫೋನ್ ಶುರುವಾಯಿತು. "ಸಾರ್, ನೀವು ಹೇಳಿದ್ರಲ್ಲ, ನೀರು ನಿಜವಾಗ್ಲೂ ಬಿಡ್ತಾರಾ?"