‘ಸೆಡ್’ ಬದಲು ಏನು ಬರೆಯಬೇಕು?

ಇಂಗ್ಲಿಷಿನಲ್ಲಿ ವರದಿ, ಪ್ರಬಂಧ ಬರೆಯುವಾಗ ‘ಸೆಡ್’ (said, ಅಂದರೆ ‘ಹೇಳಿದರು’) ಪದೇ ಪದೇ ಬಂತೆಂದು ಸಮಾನಾರ್ಥಕ ಕೋಶ ತೆರೆದು ಕೈಗೆ ಸಿಕ್ಕ ಪದವನ್ನು ತುಂಬಬೇಡಿ. ‘ಕ್ಲೇಮ್ಡ್’ ಎಂದರೆ ಮಾತಿನ ಮೇಲೆ ಸಂಶಯದ ನೆರಳು ಬೀಳುತ್ತದೆ. ‘ಅಡ್ಮಿಟೆಡ್’ ಎಂದರೆ ತಪ್ಪನ್ನೋ ಮುಜುಗರದ ಸಂಗತಿಯನ್ನೋ ಒಪ್ಪಿಕೊಂಡಂತೆ. ‘ಪಾಯಿಂಟೆಡ್ ಔಟ್’, ‘ರಿವೀಲ್ಡ್’ ಬಳಸಿದರೆ ಆ ಮಾತು ನಿಜವೆಂದು ನೀವೇ ಮೊಹರು ಒತ್ತಿದಂತೆ. ‘ರಸ್ತೆ ಕಾಮಗಾರಿ ಮುಗಿದಿದೆ’ ಎಂಬ ಸಚಿವರ ಮಾತನ್ನು ಈ ನಾಲ್ಕರಲ್ಲೂ ಬರೆದು ನೋಡಿ, ನಾಲ್ಕು ಬೇರೆ ಸುದ್ದಿಗಳಾಗುತ್ತವೆ! ‘ಸ್ಟೇಟೆಡ್’ ಯಾರ ಪಕ್ಷವನ್ನೂ ವಹಿಸದು, ಆದರೆ ಅದಕ್ಕೆ ಠಾಣೆಯ ಹೇಳಿಕೆಯ ಬಿಗುವಿದೆ; ಗೆಳೆಯರ ಹರಟೆಗೆ ಒಗ್ಗದು. ಅನುಮಾನವಿದ್ದರೆ ‘ಸೆಡ್’ ಅನ್ನೇ ಇಡಿ. ಹತ್ತು ಸಲ ಬಂದರೂ ಓದುಗರ ಕಣ್ಣಿಗೆ ಚುಚ್ಚದ ಪದ ಅದು.

ಪದ ಬದಲಿಸಿದರೆ ವಾಕ್ಯರಚನೆಯೂ ಬದಲಾಗಬಹುದು. ‘ಟೋಲ್ಡ್’ ನಂತರ ಸಾಮಾನ್ಯವಾಗಿ ಕೇಳುಗರು ನೇರವಾಗಿ ಬರುತ್ತಾರೆ: ‘ಟೋಲ್ಡ್ ಮಿ’. ‘ಎಕ್ಸ್‌ಪ್ಲೇನ್ಡ್’ಗೆ ‘ಟು ಮಿ’ ಬೇಕು. ‘ಡಿಸ್ಕಸ್ಡ್’ಗೆ ‘ಅಬೌಟ್’ ಬೇಡ. ನಮ್ಮ ‘ಬಗ್ಗೆ’ ಅಲ್ಲಿಗೆ ಸದ್ದಿಲ್ಲದೆ ನುಸುಳುತ್ತದೆ. ಹಾಗಾಗಿ ಸಮಾನಾರ್ಥಕ ಕೋಶದಲ್ಲಿ ಪದ ಸಿಕ್ಕಿದ ಮೇಲೆ, ಕಲಿಯುವವರಿಗಾಗಿ ಮಾಡಿದ ನಿಘಂಟಿನಲ್ಲಿ ಅದರ ಉದಾಹರಣೆ ವಾಕ್ಯಗಳನ್ನೂ ಓದಿ.