ಭೌತವಿಜ್ಞಾನದ ತರಗತಿಯಲ್ಲಿ ಅಳತೆಯ ಉಪಕರಣವಾಗಿ ಮೊಬೈಲ್: ನನ್ನ ಅನುಭವ

ಪ್ರೌಢಶಾಲೆಯ ಮಕ್ಕಳಿಗೆ ಭೌತವಿಜ್ಞಾನ ಕಲಿಸುವ ನಾನು ಮೊಬೈಲನ್ನು ಪಾಠದ ವಿಡಿಯೊ ತೋರಿಸುವುದಕ್ಕಿಂತ ಹೆಚ್ಚಾಗಿ ಅಳತೆಯ ಉಪಕರಣವಾಗಿ ಬಳಸುತ್ತೇನೆ. ವಿಡಿಯೊ ನೋಡುವಾಗ ಮಕ್ಕಳು ಸುಮ್ಮನೆ ಕುಳಿತಿರುತ್ತಾರೆ. ಅಳೆಯುವಾಗ ಹಾಗೆ ಕುಳಿತಿರಲು ಆಗುವುದಿಲ್ಲ. ಫೋನನ್ನು ಅಡ್ಡ ಹಿಡಿದಾಗ ಪರದೆಯ ಚಿತ್ರವೂ ತಿರುಗುವುದಕ್ಕೆ ಕಾರಣವಾದ, ವೇಗೋತ್ಕರ್ಷವನ್ನು (ವೇಗ ಬದಲಾಗುವ ದರವನ್ನು) ಅಳೆಯುವ ಸೆನ್ಸರ್ ಬಹುತೇಕ ಎಲ್ಲ ಸ್ಮಾರ್ಟ್‌ಫೋನ್‌ಗಳಲ್ಲಿಯೂ ಇರುತ್ತದೆ. ಅದರ ಅಂಕಿಗಳನ್ನು ಓದಲು, ಜರ್ಮನಿಯ ಆಖೆನ್ ನಗರದ ತಾಂತ್ರಿಕ ವಿಶ್ವವಿದ್ಯಾಲಯ 2016ರಲ್ಲಿ ಬಿಡುಗಡೆ ಮಾಡಿದ ಫೈಫಾಕ್ಸ್ ಎಂಬ ಉಚಿತ ಆ್ಯಪ್ ನನಗೆ ಒದಗಿಬಂದಿದೆ. ಒಮ್ಮೆ ಇನ್‌ಸ್ಟಾಲ್ ಮಾಡಿಕೊಂಡರೆ ಅಳತೆಗೆ ಇಂಟರ್‌ನೆಟ್ ಬೇಕಿಲ್ಲವಾದ್ದರಿಂದ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿಯೇ ಪ್ರಯೋಗ ಆರಂಭಿಸುತ್ತೇವೆ. ಮೆಸೇಜುಗಳ ಗೊಡವೆ ಅಲ್ಲಿಗೇ ನಿಲ್ಲುತ್ತದೆ.

ನನಗೆ ಅತ್ಯಂತ ಪ್ರಿಯವಾದದ್ದು ಮುಕ್ತಪತನದ, ಅಂದರೆ ವಸ್ತು ಗುರುತ್ವದಿಂದಷ್ಟೇ ಕೆಳಗೆ ಬೀಳುವುದರ ಪ್ರಯೋಗ. ಮೊದಲು ನನ್ನ ಫೋನನ್ನು ಮೇಜಿನ ಮೇಲಿಟ್ಟು, ಗುರುತ್ವವನ್ನೂ ಸೇರಿಸಿ ವೇಗೋತ್ಕರ್ಷ ತೋರಿಸುವ ಆಯ್ಕೆಯನ್ನು ತೆರೆಯುತ್ತೇನೆ. ಅಲುಗಾಡದೆ ಇರುವ ಫೋನು ಸುಮಾರು 9.8 ಮೀ/ಸೆ² ಎಂದು ತೋರಿಸುತ್ತದೆ. ಕೆಳಗೆ ಬೀಳುವಾಗ ಎಷ್ಟು ತೋರಿಸಬಹುದು ಎಂಬ ಊಹೆಯನ್ನು ಪ್ರತಿಯೊಬ್ಬರೂ ಕಾರಣದ ಸಮೇತ ಮುಂಚೆಯೇ ಬರೆದಿಡಬೇಕು. ಹೆಚ್ಚಿನವರು ಇನ್ನೂ ಜಾಸ್ತಿ ಎಂದೇ ಬರೆಯುತ್ತಾರೆ. ಆಮೇಲೆ ಒಂದು ಮೀಟರ್ ಎತ್ತರದಿಂದ ದಪ್ಪನೆಯ ಹಾಸಿಗೆಯ ಮೇಲೆ, ತಿರುಗದ ಹಾಗೆ ಫೋನನ್ನು ಬಿಟ್ಟರೆ, ಬೀಳುವಷ್ಟು ಹೊತ್ತೂ ನಕ್ಷೆಯ ಗೆರೆ ಸೊನ್ನೆಯ ಹತ್ತಿರವಿದ್ದು, ಹಾಸಿಗೆ ಮುಟ್ಟಿದೊಡನೆ ಚೂಪಾಗಿ ಮೇಲೇಳುತ್ತದೆ. ಆಗ ಶುರುವಾಗುವ ವಾದವೇ ನಿಜವಾದ ಪಾಠ. ಮೇಜು ಫೋನನ್ನು ಮೇಲಕ್ಕೆ ಒತ್ತುತ್ತಿರುವುದರಿಂದಲೇ ಸೆನ್ಸರ್ 9.8 ತೋರಿಸುತ್ತಿತ್ತು, ಬೀಳುವಾಗ ಹಾಗೆ ಒತ್ತುವುದು ಯಾವುದೂ ಇಲ್ಲ ಎಂಬುದು ಮಕ್ಕಳಿಗೆ ತಾವಾಗಿಯೇ ಹೊಳೆಯುವವರೆಗೆ, ಇಡೀ ಪೀರಿಯಡ್ ಹಿಡಿದರೂ ಸರಿ, ನಾನು ಉತ್ತರ ಹೇಳುವುದಿಲ್ಲ. ಗೆರೆ ಸೊನ್ನೆಯ ಬಳಿ ಇದ್ದ ಕಾಲ ಸುಮಾರು 0.45 ಸೆಕೆಂಡ್ ಇರುತ್ತದೆ. ಎತ್ತರದ ಎರಡರಷ್ಟನ್ನು ಆ ಕಾಲದ ವರ್ಗದಿಂದ ಭಾಗಿಸಿದರೆ ಗುರುತ್ವ ವೇಗೋತ್ಕರ್ಷಕ್ಕೆ 9.9ರ ಆಸುಪಾಸಿನ ಬೆಲೆ ಬರುತ್ತದೆ.

ಒಂದೇ ಮೇಜಿನ ಮೇಲಿಟ್ಟ ಎರಡು ಫೋನುಗಳು ತುಸು ಬೇರೆ ಬೇರೆ ಬೆಲೆ ತೋರಿಸುವುದೂ ಉಂಟು. ಉಪಕರಣದ ದೋಷವನ್ನು ಕುರಿತ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಪೀಠಿಕೆ ನನಗೆ ಸಿಕ್ಕಿಲ್ಲ.

ನಾಲ್ವರಿಗೆ ಒಂದೇ ಫೋನು ಎಂಬ ನಿಯಮವನ್ನು ನಾನು ಬೇಕೆಂದೇ ಇಟ್ಟುಕೊಂಡಿದ್ದೇನೆ. ಒಬ್ಬರು ಅಳೆದರೆ ಉಳಿದವರು ಅಂಕಿಗಳನ್ನು ಬರೆದುಕೊಂಡು ಗ್ರಾಫ್ ಹಾಳೆಯಲ್ಲಿ ಕೈಯಿಂದಲೇ ನಕ್ಷೆ ಎಳೆಯುತ್ತಾರೆ, ಮತ್ತು ಈ ಕೆಲಸಗಳು ಸರದಿಯ ಮೇಲೆ ಬದಲಾಗುತ್ತವೆ. ಮನೆಯಲ್ಲಿ ಫೋನ್ ಇಲ್ಲದ ಮಕ್ಕಳು ಹಿಂದುಳಿಯಬಾರದೆಂದು ಇಂಥ ಯಾವ ಅಳತೆಯನ್ನೂ ಮನೆಗೆಲಸವಾಗಿ ಕೊಡುವುದಿಲ್ಲ.