ಸೀ ಆಫ್ ಥೀವ್ಸ್ (ಆನ್‌ಲೈನ್ ಕಡಲ್ಗಳ್ಳರ ಆಟ) ಆಡುವವರಿಗೆ: ಮಾಲು ಬೇಗ ಮಾರಿ

ಮಳೆಗಾಲದಲ್ಲಿ ನಮ್ಮ ಕಾರವಾರದ ಕರೆಂಟ್ ನಂಬೋ ಹಾಗಿಲ್ಲ, ಅಲ್ವಾ? ಅದಕ್ಕೇ ಹಡಗು ತುಂಬುವ ತನಕ ಕಾಯಬೇಡಿ. ಒಬ್ಬರೇ ಆಡುವಾಗ ನೆಟ್ ಹೋದರೆ ಮಾರದ ಮಾಲಿನ ಆಸೆ ಬಿಡಿ.

ಆಟದಲ್ಲಿ ಮಾಲು ಕೊಳ್ಳುವ ಯಾವುದಾದರೂ ಕಂಪನಿಯ ಎಮಿಸರಿ (ಪ್ರತಿನಿಧಿ) ಬಾವುಟ ಮೊದಲೇ ಏರಿಸಿ. 5ನೇ ದರ್ಜೆ ಮುಟ್ಟಿದರೆ ಆ ಕಂಪನಿಯ ಮಾಲಿಗೆ 2.5 ಪಟ್ಟು ಚಿನ್ನ. ಪೆಟ್ಟಿಗೆ ಗೋಲ್ಡ್ ಹೋರ್ಡರ್ಸ್ ಕಂಪನಿಗೆ, ತಲೆಬುರುಡೆ ಆರ್ಡರ್ ಆಫ್ ಸೋಲ್ಸ್ ಕಂಪನಿಗೆ ಮಾರಿ. ಸ್ವಂತ ಹಡಗಿನ ಕ್ಯಾಪ್ಟನ್ ಆಗಿದ್ದರೆ ಸಾವರಿನ್ಸ್ ಎಂಬ ವ್ಯಾಪಾರಿಗಳ ಹತ್ತಿರ ಎಲ್ಲವನ್ನೂ ಒಂದೇ ಕಡೆ ಮಾರಬಹುದು. ಸುಮ್ನೆ ಓಡಾಡುವುದು ತಪ್ಪುತ್ತದೆ.

ಚೆಸ್ಟ್ ಆಫ್ ಸಾರೋ ಎಂಬ ಅಳುವ ಪೆಟ್ಟಿಗೆ ಸಿಕ್ಕರೆ ಬಕೆಟ್ ಹಿಡಿದು ಪಕ್ಕದಲ್ಲೇ ಇರಿ. ಅದು ಅತ್ತು ಅತ್ತು ಹಡಗಿಗೇ ನೀರು ತುಂಬಿಸುತ್ತದೆ, ಮಹಾ ಕಿರಿಕಿರಿ! ದಂಡೆ ಮುಟ್ಟಿದ ಮೇಲೆ ಜಾಸ್ತಿ ಬೆಲೆಯದ್ದನ್ನೇ ಮೊದಲು ಇಳಿಸಿ. ಬೇರೆ ಹಡಗು ಅಲ್ಲೇ ನಿಂತಿದ್ದರೆ ನಿಮ್ಮ ಹಡಗನ್ನು ಇನ್ನೊಂದು ಔಟ್‌ಪೋಸ್ಟ್‌ಗೆ (ಮಾಲು ಮಾರುವ ದ್ವೀಪ) ತಿರುಗಿಸಿ.